ಪಾಲಿಗೆ ಬಂದದ್ದು

ಫೆಬ್ರವರಿ. ಕೇಪ್ ಬ್ರೆಟನ್ನಿನ ಪಡುಗಡಲು.
ಅಗ್ನಿಶಾಮಕ ಠಾಣೆಯ ಹಿಂಬಾಗಿಲಲ್ಲಿ ಸೊಂಟದೆತ್ತರ ಹಿಮ.
ಒಳಗೆ ಯೂಫೆಮಿ ಶಿಯಾಸೋಂ
ಮಡಚುವ ಮೇಜಿನ ಮೇಲೆ ಬೀಜದ ಪೊಟ್ಟಣಗಳನ್ನು
ಇಸ್ಪೀಟಿನಂತೆ ಹರಡಿಕೊಂಡು ಕೂತಿದ್ದಳು.
ಅರ್ಧ ಪಾಲಿಗೆ ಮುನ್ನೂರ ಹತ್ತು ಡಾಲರು.
ಚೆಕ್ಕು ಬರೆದುಕೊಟ್ಟೆ. ಏನು ಕೊಂಡೆ ಎಂದು ಯಾರಾದರೂ ಕೇಳಿದ್ದರೆ
ತೋರಿಸಲು ಏನೂ ಇರಲಿಲ್ಲ.
ಒಂದು ಪೊಟ್ಟಣವನ್ನು ನನ್ನ ಕಿವಿಯ ಬಳಿ ಅಲ್ಲಾಡಿಸಿದಳು:
"ಬೀಟ್‌ರೂಟು. ಜುಲೈಗೆ ಬಾ."

ಕಾಗದದ ಕೊನೆಯಲ್ಲಿ ಸಣ್ಣಕ್ಷರದ ಸಾಲು:
ಬೆಳೆ ಬಂದರೆ ನಿಮಗೂ ಬಂತು,
ಆಲಿಕಲ್ಲು ಬಿದ್ದರೆ ನಿಮಗೂ ಬಿತ್ತು.
ರುಜು ಹಾಕಿದೆ.

ಪಾಲು ಎಂಬ ಮಾತು ನನಗೆ ಹೊಸದಲ್ಲ.
ಅಪ್ಪ ತೀರಿಕೊಂಡ ವರ್ಷ ದೋಣಿಯನ್ನು ಪಾಲು ಮಾಡಿದೆವು.
ದೊಡ್ಡವನಿಗೆ ಎಂಜಿನು,
ನಡುವಿನವನಿಗೆ ಲಾಬ್‌ಸ್ಟರ್ ಬೋನುಗಳು, ಪರವಾನಗಿ,
ನನಗೆ ಗೋಡೆಗೆ ತೂಗುವ ಹಿತ್ತಾಳೆಯ ಬ್ಯಾರೋಮೀಟರು.
ಬಿರುಗಾಳಿ ಬರುತ್ತದೆ ಎನ್ನುತ್ತದೆ ಅದು,
ದೋಣಿಯೇ ಇಲ್ಲದವನಿಗೆ.
ದೋಣಿಯ ಹೆಸರು ಯಾರಿಗೂ ಸಿಗಲಿಲ್ಲ.
ಆಮೇಲೆ ಒಬ್ಬರ ಪಾಲಿಗೆ ಒಬ್ಬರು ಇಲ್ಲವಾದೆವು.

ಜೂನಿನ ಮೂರನೇ ಗುರುವಾರ ಮೊದಲ ಪೆಟ್ಟಿಗೆ.
ಅರ್ಧ ಪೆಟ್ಟಿಗೆ ಎಂಬುದೇ ಇಲ್ಲವಂತೆ.
ಪೂರ್ತಿ ಪೆಟ್ಟಿಗೆಗೆ ಇಬ್ಬರು, ಹಂಚಿಕೊಳ್ಳುವುದು ನಿಮ್ಮ ತಲೆನೋವು.
ಇನ್ನರ್ಧ ನಮ್ಮದೇ ಕಟ್ಟಡದ ಮೇಲಂತಸ್ತಿನ ಲಿಗಾಯಾಳದು,
ವೃದ್ಧಾಶ್ರಮದಲ್ಲಿ ರಾತ್ರಿಪಾಳಿಯ ದಾದಿ.
ಎರಡು ವರ್ಷದಿಂದ ಅವಳ ಹೆಜ್ಜೆಸದ್ದು ಬಲ್ಲೆ, ಮುಖವನ್ನಲ್ಲ.

ಮೆಟ್ಟಿಲ ಮೇಲೆ ಕೂತೆವು, ನಡುವೆ ಪೆಟ್ಟಿಗೆ.
ಮೂಲಂಗಿ ಹದಿನೈದು: ನನಗೆ ಏಳು, ಅವಳಿಗೆ ಎಂಟು,
ಮುಂದಿನ ವಾರ ಅದಲು ಬದಲು.
ಸೊಪ್ಪು ಮುರಿದು ಕಸಕ್ಕೆ ಎಸೆಯುವವನಿದ್ದೆ,
ಕಳ್ಳನನ್ನು ಹಿಡಿದಂತೆ ಮಣಿಕಟ್ಟು ಹಿಡಿದಳು.
ಸರಿ, ಎಲೆ ಅವಳಿಗೆ, ಗಡ್ಡೆ ನನಗೆ.
ಇಷ್ಟು ಸಲೀಸಾದ ಪಾಲನ್ನು ನಾನು ಕಂಡವನಲ್ಲ.
ನಮ್ಮ ಮನೆಯಲ್ಲಿ ಮೂವರೂ ಗಡ್ಡೆಯವರೇ.

ಆಮೇಲೆ ನವಿಲುಕೋಸು. ಐದು ವಾರ ನವಿಲುಕೋಸು.
ಬೇಯಿಸಿದೆ, ಹುರಿದೆ, ಉಪ್ಪಿನಲ್ಲಿ ಹಾಕಿದೆ,
ಕೊನೆಗೊಂದನ್ನು ಗಾಳಿಗೆ ಬಡಿಯುವ ಬಾಗಿಲಿಗೆ ಅಡ್ಡ ಇಟ್ಟೆ.
ಅದೊಂದು ಚೆನ್ನಾಗಿ ಕೆಲಸ ಮಾಡಿತು.

ಆಗಸ್ಟಿನಲ್ಲಿ ಗುಡ್ಡದಿಂದ ಒಂಟಿ ಮೂಸ್ ಇಳಿದು
ಬೇಲಿಯನ್ನು ಜೇಡರ ಬಲೆಯಂತೆ ಹರಿದು
ಕ್ಯಾರೆಟ್ಟಿನ ಸಾಲನ್ನು ಮುಗಿಸಿ
ಕೋಸಿನ ಮೇಲೆ ಒಂದು ನಿದ್ದೆ ತೆಗೆದು ಹೋಗಿತ್ತು.
ಆ ಗುರುವಾರದ ಪೆಟ್ಟಿಗೆಯಲ್ಲಿ ಒಂದು ಕಟ್ಟು ಸಬ್ಬಸಿಗೆ,
ಒಂದು ಬೆಳ್ಳುಳ್ಳಿ ಗಡ್ಡೆ.
ಸಾಲಿನಲ್ಲಿ ಯಾರೋ ಗೊಣಗಿದರು.
ಯೂಫೆಮಿ ಕ್ಷಮೆ ಕೇಳಲಿಲ್ಲ, ಉಗುರಿನ ಮಣ್ಣು ತೆಗೆಯುತ್ತಿದ್ದಳು.
"ದೊಡ್ಡದಿತ್ತಾ?" ಎಂದೆ.
ಕೈಯನ್ನು ತಲೆಯಿಂದ ಒಂದು ಮೊಳ ಮೇಲೆ ಹಿಡಿದು ತೋರಿಸಿದಳು.
ನನಗೆ ಯಾಕೋ ಹೆಮ್ಮೆಯಾಯಿತು.
ಅದರ ಮೈಯಲ್ಲೂ ನನ್ನ ಅರ್ಧ ಪಾಲಿತ್ತಲ್ಲ.
ಬೆಳ್ಳುಳ್ಳಿ ಬಿಡಿಸಿದರೆ ಏಳು ಎಸಳು.

ಸೆಪ್ಟೆಂಬರಿನ ಒಂದು ರಾತ್ರಿ
ಬಾಯಾರಿ ಎದ್ದವನು ಗೋಡೆ ನೋಡಿದೆ.
ಮುಳ್ಳು ಕುಸಿದಿತ್ತು, ಅಪ್ಪನಿದ್ದರೆ ಹಗ್ಗ ಬಿಗಿಯಲು ಓಡುವಷ್ಟು.
ಗುಡ್ಡದಿಂದ ಸುವೆತ್ ಗಾಳಿ ಇಳಿಯುವ ಹೊತ್ತು,
ಸೂರನ್ನೇ ಕಿತ್ತೊಯ್ಯುವ ಗಾಳಿ.
ಕಡಲಿನಲ್ಲಿ ನನ್ನದೇನೂ ಇಲ್ಲ, ಮಲಗಬಹುದು, ಎಂದುಕೊಂಡೆ.
ಹೊಲದಲ್ಲಿ ಈರುಳ್ಳಿ.
ಕಿತ್ತು, ಒಣಗಲೆಂದು ಸಾಲುಸಾಲಾಗಿ ಬಯಲಲ್ಲೇ ಬಿಟ್ಟ ಈರುಳ್ಳಿ.

ಪೊರಕೆಯ ಹಿಡಿಯಿಂದ ಮೇಲ್ಛಾವಣಿ ಕುಟ್ಟಿದೆ.
ಅವಳಿಗೆ ಅಂದು ರಜೆ.
ಯೂಫೆಮಿ ಫೋನು ಎತ್ತಿಕೊಂಡಳು, "ಯಾರು?" ಎಂದಳು,
"ಅರ್ಧ ಪಾಲಿನವನು" ಎಂದೆ.

ಟಾರ್ಪಾಲಿನಿನ ಮೇಲೆ ರಾಶಿ ಹಾಕಿ
ಮೂವರೂ ಕೊಟ್ಟಿಗೆಗೆ ಎಳೆದೆವು, ಆರು ಸಲ, ಏಳು ಸಲ.
ಲಿಗಾಯಾ ತನ್ನ ಭಾಷೆಯಲ್ಲಿ ಗಾಳಿಯನ್ನು ಬೈಯುತ್ತಿದ್ದಳು.
ಕೊನೆಯ ಸಲ ಒಂದು ಈರುಳ್ಳಿ ಜಾರಿ ಕತ್ತಲಿಗೆ ಉರುಳಿತು.
ಯೂಫೆಮಿ ಟಾರ್ಚು ಹಿಡಿದು ಹುಡುಕಿ ತಂದು
ನನ್ನ ಒದ್ದೆ ಜೇಬಿಗೆ ತುರುಕಿ
"ಇದು ಲೆಕ್ಕಕ್ಕಿಲ್ಲ" ಎಂದಳು.